ಮಗನ ಹೆಸರಿನ ಸೂಜಿ

ಔಷಧ ಯಾರು ಕುಡಿಯಬೇಕು ಹೇಳಿ? ಜಡ್ಡಾದವರು ತಾನೆ? ನಮ್ಮ ಸಣ್ಣತ್ತೆಯ ಲೆಕ್ಕವೇ ಬೇರೆ! ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕೆಮ್ಮು ಯಾರಿಗೆ ಬಂದರೂ ಕಷಾಯ ಕುಡಿಯುತ್ತಿದ್ದವರು ಅವರು.

ಸಣ್ಣತ್ತೆ ಎಂದರೆ ನನ್ನ ಗಂಡನ ಚಿಕ್ಕಮ್ಮ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗ ಬಸಣ್ಣನನ್ನು ಕಟ್ಟಿಕೊಂಡು ನಮ್ಮ ಜೊತೆಯಲ್ಲೇ ಇದ್ದರು. ಓಣಿಗೆಲ್ಲ ಅವರು ಚಿಗವ್ವ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹೊಟ್ಟೆ ಕಟ್ಟಿ ಒದ್ದಾಡುತ್ತಿದ್ದಾಗ ಔಡಲೆಣ್ಣೆ ತಂದರು. ಅದರ ವಾಸನೆಗೇ ನಾನು ಮುಖ ತಿರುಗಿಸಿದೆ.

"ಒಲ್ಲೇನು? ಇರ್ಲಿ ಬಿಡು, ನಿನ್ನ ಹೆಸರಿಲೆ ನಾ ಕುಡೀತೇನಿ" ಎಂದವರೇ ಗಟಗಟ ಕುಡಿದುಬಿಟ್ಟರು! ಮರುದಿನ ನನ್ನ ಹೊಟ್ಟೆ ತಾನಾಗಿ ಸರಿಹೋಯಿತು. ಸಣ್ಣತ್ತೆ ನೀರಿನ ಚರಿಗೆ ಹಿಡಿದು ಹಿತ್ತಿಲಿಗೆ ಓಡಾಡುತ್ತಲೇ, "ನೋಡಿದ್ಯಾ, ಹ್ಯಾಂಗ ಗುಣ ಆತು!" ಎಂದು ಬೀಗಿದರು.

ನಗಬೇಡಿ. ಗಂಡನ ಮೊಣಕಾಲು ನೋವಿಗೆ ಹೆಂಡತಿ ಗುಡಿಯ ಸುತ್ತ ದೀಡನಮಸ್ಕಾರ ಹಾಕುವುದಿಲ್ಲವೆ? ಮಗನ ಪರೀಕ್ಷೆಗೆ ತಾಯಿ ಸೋಮವಾರ ಉಪವಾಸ ಇರುವುದಿಲ್ಲವೆ? ಅದು ಮುಟ್ಟಬೇಕಾದವರಿಗೆ ಮುಟ್ಟುತ್ತದೆ ಎಂದು ನಾವೆಲ್ಲ ನಂಬಿದವರೇ. ಹರಕೆ ಮಾಡುವ ಕೆಲಸವನ್ನು ಔಷಧ ಯಾಕೆ ಮಾಡಬಾರದು? ಇದು ಅತ್ತೆಯ ವಾದ.

ಆ ವರ್ಷ ನಮ್ಮ ಓಣಿಯಲ್ಲಿ ಇಲಿ ಬಿದ್ದವು. ಇಲಿ ಸತ್ತು ಬಿದ್ದವೆಂದರೆ ಹಿಂದೆಯೇ ಪ್ಲೇಗು ಬಂತೆಂದು ಹುಬ್ಬಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಾತ್ರೆ, ಹಾಸಿಗೆ, ಜೋಳದ ಚೀಲ ಎಲ್ಲ ಚಕ್ಕಡಿಗೆ ಹೇರಿಕೊಂಡು ಜನ ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಷ್ಟು ದೊಡ್ಡ ಪೇಟೆ ಬಿಕೋ ಎಂದಿತು. ಹತ್ತಿ ಅಂಗಡಿಗಳಿಗೂ ಬೀಗ, ಸಾಲೆಗೂ ಬೀಗ. ಹೊಲದಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ! ಪೇಟೆಯಲ್ಲಿ ಗೋಡೆಗೆ ಕಿವಿ ಹಚ್ಚಿ ಕೇಳಬೇಕಾಗಿದ್ದ ನೆರೆಮನೆಯ ಜಗಳ ಇಲ್ಲಿ ಕೂತಲ್ಲೇ ಕೇಳುತ್ತಿತ್ತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಎಲ್ಲರೂ ಸುಮ್ಮನೆ ತಮ್ಮ ತಮ್ಮ ಬಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು, ಗಂಟು ಎದ್ದಿಲ್ಲವಷ್ಟೆ ಎಂದು.

ಪ್ಲೇಗಿನ ಸೂಜಿ ಚುಚ್ಚಲು ಡಾಕ್ಟರರು ಹೊಲಕ್ಕೇ ಬಂದರು. ಅತ್ತೆ ಎಲ್ಲರಿಗಿಂತ ಮುಂಚೆ ತೋಳು ಚಾಚಿದರು. ಒಲ್ಲೆನೆಂದವನು ಬಸಣ್ಣ. ಅವನಿಗೆ ಗರಡಿಮನೆಯೇ ಸರ್ವಸ್ವ.

"ತೋಳು ಬಾತು ಕುಂತರ ನಾ ಕುಸ್ತಿ ಹಿಡಿಯೂದ್ಹ್ಯಾಂಗ? ನಾ ಒಲ್ಲೆ, ಯವ್ವಾ."

ಅತ್ತೆ ಬೈದರು, ಬೇಡಿಕೊಂಡರು, ಅತ್ತರು. ಬಸಣ್ಣ ಜಗ್ಗಲಿಲ್ಲ. ಮುಂದಿನ ವಾರ ಡಾಕ್ಟರರು ಮತ್ತೆ ಬಂದಾಗ ನೋಡಿದರೆ ಸಾಲಿನಲ್ಲಿ ಮತ್ತೆ ಅತ್ತೆ!

"ಅಮ್ಮಾರ, ನಿಮಗ ಮೊನ್ನೆ ಚುಚ್ಚಿದ್ನೆಲ್ಲ?"

"ಅದು ನಂದ್ರಿ ಸಾಹೇಬ್ರ. ಇದು ನಮ್ಮ ಬಸಣ್ಣಂದು."

"ಇದು ಹರಕಿ ಅಲ್ರಿ. ನೀವು ಚುಚ್ಚಿಸಿಕೊಂಡ್ರ ಮಗಗ ಮುಟ್ಟೂದಿಲ್ಲ."

"ಯಾಕ ಮುಟ್ಟೂದಿಲ್ಲ? ಅವ ಹೊಟ್ಟ್ಯಾಗಿದ್ದಾಗ ನಾ ಉಂಡದ್ದು ಅವಗ ಮುಟ್ಟಿಲ್ಲೇನ್ರಿ?"

ಸಾಲಿಗೆ ಸಾಲೇ ಗೊಳ್ಳೆಂದಿತು. ಡಾಕ್ಟರರೂ ನಕ್ಕು, ಎರಡನೆಯ ಸೂಜಿಯಿಂದ ಕೇಡೇನೂ ಇಲ್ಲವೆಂದು ಚುಚ್ಚಿಯೇಬಿಟ್ಟರು. ಅತ್ತೆಗೆ ಜ್ವರ ಬಂತು, ತೋಳು ಕುಂಬಳಕಾಯಿಯಾಯಿತು. ಆದರೆ ಮುಖದ ಮೇಲೆ ಎಂಥ ಸಮಾಧಾನ! ಆ ಸಮಾಧಾನವೇ ನಮ್ಮ ಮನೆಯನ್ನು ಹಾಳುಮಾಡಿತು.

ಬಸಣ್ಣ ಖಾಲಿ ಊರಿನೊಳಗೆ ಹೋಗಿ ಗರಡಿಯ ಮಣ್ಣಿಗೆ ನೀರು, ಎಣ್ಣೆ ಹಾಕಿ ಬರುತ್ತೇನೆಂದು ಮೊದಲಿನಿಂದ ಹಟ ಮಾಡುತ್ತಿದ್ದ. ಅತ್ತೆ ಗುಡಿಸಲಿನ ಬಾಗಿಲಿಗೆ ಅಡ್ಡ ಕೂತು ತಡೆದಿದ್ದರು. ಈಗ ತಡೆಯಲಿಲ್ಲ. "ನಿಂದೂ ಆತಲ್ಲ, ಇನ್ನೇನ ಅಂಜಿಕಿ?" ಎಂದು ರೊಟ್ಟಿಯ ಬುತ್ತಿ ಕಟ್ಟಿ ತಾವೇ ಕಳಿಸಿಕೊಟ್ಟರು. ಅವನೂ ನಗುತ್ತ ಹೋದ. ದಿನಾ ಹೋದ.

ಒಂದು ಮಧ್ಯಾಹ್ನ ಮೈ ಸುಡುತ್ತ ಬಂದು ಮಲಗಿದ. ತೊಡೆಯ ಸಂದಿಯಲ್ಲಿ ಗಂಟು ಎದ್ದಿತ್ತು. ಡಾಕ್ಟರರು ಕೊಟ್ಟ ಔಷಧವನ್ನು ಅತ್ತೆ ಬಟ್ಟಲಿಗೆ ಹಾಕಿ ಅವನ ತುಟಿಗೆ ಹಿಡಿದರು. ಅವನು ಹಲ್ಲು ಕಚ್ಚಿಕೊಂಡಿದ್ದ. ನಾವೆಲ್ಲ ಅತ್ತೆಯ ಕೈಯನ್ನೇ ನೋಡುತ್ತಿದ್ದೆವು. ಆ ಬಟ್ಟಲು ಅವರ ಬಾಯಿಯ ಕಡೆಗೆ ತಿರುಗಲಿಲ್ಲ.

"ನೀನ ಕುಡೀಬೇಕಪಾ, ಬಸಣ್ಣಾ. ಒಂದ ಗುಟುಕು."

ಔಷಧ ಅವನ ಕಟಬಾಯಿಂದ ಹರಿದು ದಿಂಬಿಗೆ ಹೋಯಿತು. ಮೂರನೆಯ ದಿನ ಬಸಣ್ಣ ಹೋದ. ಆಮೇಲೆ ಅತ್ತೆ ಯಾರ ಕಷಾಯವನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಅವರಿಗೆ ಕೇಳಿಸದಂತೆ ಕದ್ದು ಕೆಮ್ಮುತ್ತಿದ್ದೆವು.

ಮರುವರ್ಷ ಮತ್ತೆ ಇಲಿ ಬಿದ್ದವು, ಮತ್ತೆ ಅದೇ ಹೊಲ, ಅದೇ ಡಾಕ್ಟರರು. ಸೂಜಿ ಕಂಡು ಹಿಂದೆ ಸರಿದ ನೆರೆಮನೆಯ ಹರೆಯದ ಹುಡುಗನೊಬ್ಬ, ಹಳೆಯ ರೂಢಿಯಂತೆ ನಗಾಡುತ್ತ ಅಂದುಬಿಟ್ಟ:

"ಚಿಗವ್ವಾ, ನಂದೂ ನೀನ ಚುಚ್ಚಿಸ್ಕೊಂಡಬಿಡ!"

ಹುಡುಗ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದ. ಅತ್ತೆ ಸಾವಕಾಶವಾಗಿ ಎದ್ದು ಬಂದು ಅವನ ಕೈ ಹಿಡಿದರು.

"ನನ್ನ ಕಡಿಂದ ಆಗೂದಿಲ್ಲೋ ಯಪ್ಪಾ. ನೀನ ಬಾ."

ಡಾಕ್ಟರರ ಮುಂದೆ ಅವನನ್ನು ಕೂಡಿಸಿ, ಸೂಜಿ ಕಾಣದಂತೆ ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಸೂಜಿ ತೋಳಿಗೆ ಇಳಿಯಿತು. ಹುಡುಗ ಹಾ ಎನ್ನಲಿಲ್ಲ. "ಯವ್ವಾ!" ಎಂದು ಕೂಗಿದವರು ನಮ್ಮ ಅತ್ತೆ.