ಮಾವನ ಮೋಟರಿಗೆ ಕೊಬ್ಬರಿ ಎಣ್ಣೆ

ಶೆಟ್ಟಿಕೆರೆಯ ನನ್ನ ಸೋದರಮಾವನ ಕೊಟ್ಟಿಗೆಗೆ ಚಪ್ಪಲಿ ಹಾಕಿಕೊಂಡೇ ಹೋಗಬೇಕು; ಆದರೆ ಉಂಗುರ, ವಾಚು, ಬಳೆಗಳನ್ನು ಬಾಗಿಲಲ್ಲೇ ಬಿಚ್ಚಿಡಬೇಕು! "ಒಳಗೆ ನಾನೂರು ವೋಲ್ಟ್ ಐತೆ. ಕಾಲಲ್ಲಿ ರಬ್ಬರ್ ಇರ್ಬೇಕು, ಮೈಮೇಲೆ ಲೋಹ ಇರ್ಬಾರ್ದು" ಎಂದು ಅವರ ಅಪ್ಪಣೆ. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಅಜ್ಜಿ ಗಾಬರಿಯಾದರು. "ತಾಳಿನೂ ಬಿಚ್ಚಿಡ್ಬೇಕೇನಪ್ಪ? ಇರು, ನಮ್ಮೆಜಮಾನ್ರನ್ನ ಒಂದ್ಮಾತು ಕೇಳ್ಕಂಡು ಬತ್ತೀನಿ!"

ಮಾವ ತಿಪಟೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತರಾದವರು. ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ. ಇವರು ತೆಂಗಿನಕಾಯಿ ಹೇರುವ ಹಳೆಯ ಲಗೇಜ್ ಆಟೋ ತಂದು, ಅದರ ಇಂಜಿನ್ ಕಿತ್ತೆಸೆದು, ಕರೆಂಟಿನ ಗಾಡಿ ಮಾಡಲು ಕುಳಿತರು. ಕಾರಣ ನಮ್ಮ ಅತ್ತೆ. ಡೀಸೆಲ್ ವಾಸನೆ ಬಡಿದರೆ ಸಾಕು, ಅತ್ತೆಗೆ ವಾಂತಿ. ಬಸ್ಸು ತಿಪಟೂರು ಮುಟ್ಟುವ ಮೊದಲೇ ಅವರ ಕಥೆ ಮುಗಿದಿರುತ್ತಿತ್ತು! ದಬ್ಬೇಘಟ್ಟದಲ್ಲಿರುವ ಅಕ್ಕನ ಮನೆಗೆ ಹೋಗುವುದನ್ನೇ ಅವರು ಬಿಟ್ಟಿದ್ದರು. ಅಕ್ಕನ ಮುಖ ನೋಡುವುದು ಮೊಬೈಲಿನಲ್ಲಿ ಮಾತ್ರ. ಒಂದು ಸಲವಾದರೂ ಅತ್ತೆಯನ್ನು ವಾಂತಿಯಿಲ್ಲದೆ ಅಲ್ಲಿಗೆ ಮುಟ್ಟಿಸಬೇಕೆಂಬುದು ಮಾವನ ಹಟ.

"ಅದಕ್ಕೆ ನಾನೂರು ವೋಲ್ಟ್ ಯಾಕೆ ಮಾವ?" ಎಂದೆ.

"ವೋಲ್ಟೇಜ್ ಹೆಚ್ಚಿದ್ರೆ ಕರೆಂಟ್ ಕಡ್ಮೆ ಸಾಕು, ವೈರು ಕಾಯಲ್ಲ. ಮೋಟ್ರು ಜೋರಾಗಿ ತಿರುಗಿದ್ರೆ ಚಿಕ್ಕ ಮೋಟ್ರೇ ಸಾಕು."

"ಹಂಗಾದ್ರೆ ಕಷ್ಟ ಎಲ್ಲಿ?"

"ಈ ಎರಡ್ರಲ್ಲೇ ಕಣವ್ವ!"

ನಿಜವೇ. ನಮ್ಮ ಕಡೆ ಕೊಬ್ಬರಿ ಒಣಗಿತೋ ಇಲ್ಲವೋ ಎಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವಲ್ಲ, ಮಾವ ಮೋಟರಿಗೂ ಹಾಗೆಯೇ ಕಿವಿ ಕೊಡುತ್ತಿದ್ದರು. ಕಾಯಿ ಲೊಟಲೊಟ ಎಂದರೆ ಸಂತೋಷ, ಮೋಟರು ಎಂದರೆ ಶೋಕ! ಬೇರಿಂಗ್‌ಗಳು ಸಾಲಾಗಿ ಸತ್ತವು. ನನ್ನ ದಿನಚರಿಯ ಲೆಕ್ಕದಲ್ಲಿ ಹನ್ನೊಂದು. ದಾರಿತಪ್ಪಿದ ಕರೆಂಟು ಬೇರಿಂಗಿನೊಳಗೆ ನುಗ್ಗಿ ಗುಂಡುಗಳನ್ನು ಸುಡುತ್ತದಂತೆ. "ನೋಡೇ, ಸಿಡುಬು ಎದ್ದಂಗೆ ಆಗೈತೆ" ಎಂದು ಮಾವ ತೋರಿಸಿದರೆ, ಅತ್ತೆ ಅಕ್ಕಿ ಆರಿಸುತ್ತಲೇ, "ಲಸಿಕೆ ಹಾಕಿಸ್ರೀ" ಎಂದರು. ಕೊನೆಗೆ ಪಿಂಗಾಣಿ ಗುಂಡಿನ ಬೇರಿಂಗ್ ಬಂತು, ಸಿಡುಬು ನಿಂತಿತು.

ಉಳಿದದ್ದು ಶಾಖ. ಮೋಟರಿನ ಒಳಗೆಲ್ಲ ಎಣ್ಣೆ ಹರಿಸಿ ತಂಪು ಮಾಡಬೇಕು. ಆ ಎಣ್ಣೆಯಲ್ಲಿ ಕರೆಂಟು ಹರಿಯಬಾರದು. ಮಾವ ಯಾವ ಎಣ್ಣೆ ಸುರಿದರು ಎಂದುಕೊಂಡಿರಿ? ನಮ್ಮ ತೋಟದ ಕೊಬ್ಬರಿ ಎಣ್ಣೆ! "ಮನೇಲೇ ಇರೋದನ್ನ ಬುಟ್ಟು ಪ್ಯಾಟೆಗೆ ಯಾಕೆ ಹೋಗ್ಬೇಕು?" ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ಸೊಗಸಾಗಿ ಓಡಿತು. ಹೋದಲ್ಲೆಲ್ಲ ಆಗಷ್ಟೇ ತಲೆ ಬಾಚಿದ ವಾಸನೆ!

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಹೊರಟೆವು. ಅತ್ತೆ ರೇಷ್ಮೆ ಸೀರೆಯುಟ್ಟು, ಹೊಟ್ಟೆ ಖಾಲಿ ಇಟ್ಟುಕೊಂಡು, ಕಣ್ಣು ಮುಚ್ಚಿ ಕುಳಿತರು. ಊರಾಚೆಯ ತೋಟದ ಹತ್ತಿರ ಗಾಡಿ ಕೀ ಕೀ ಎಂದು ತಾನಾಗಿಯೇ ನಿಂತಿತು. ಒಳಗೆ ಮೋಟರು ಕೆಂಡ. ಹೊರಗೆ ಪೈಪಿನ ತುಂಬ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು!

ಅತ್ತೆ ಕಣ್ಣು ಬಿಟ್ಟರು. "ಚಳಿಗಾಲ್ದಲ್ಲಿ ನಿಮ್ ತಲೆಗೆ ಹಚ್ಚೋ ಎಣ್ಣೇನ ದಿನಾ ಬಿಸ್ಲಿಗೆ ಇಡೋದು ಯಾರ್ರೀ? ಒಂದ್ಮಾತು ನನ್ನ ಕೇಳ್ಬಾರ್ದಿತ್ತಾ?"

ಮೂವತ್ತು ವರ್ಷ ಪಾಠ ಹೇಳಿದ ಮಾವ ಪೈಪನ್ನು ಒತ್ತಿ ನೋಡಿ ಬೆರಳು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಇಳಿ, ಮನೆಗೆ ಹೋಗಾನ. ಇದು ನನ್ ಕೈಲಿ ಆಗ್ಲಿಲ್ಲ" ಎಂದರು. ಅವರ ದನಿ ಅಷ್ಟು ಇಳಿದದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಸೆರಗು ಹೊದ್ದು ಸೀಟಿಗೆ ಇನ್ನಷ್ಟು ಒರಗಿದರು. "ನಾನ್ಯಾಕೆ ಇಳೀಲಿ? ಗಾಡೀನ ಆ ಬಿಸ್ಲಿಗೆ ತಳ್ರಿ. ಕರಗೋ ತನಕ ಕೂತಿರ್ತೀನಿ."

ತಳ್ಳಿದೆವು. ಬಿಸಿಲೇರಿದ ಮೇಲೆ ಎಣ್ಣೆ ಕರಗಿತು, ಗಾಡಿ ಹೊರಟಿತು. ತುರುವೇಕೆರೆ ದಾಟುವಾಗ ಅತ್ತೆಯ ಕಣ್ಣು ತೆರೆದೇ ಇತ್ತು. ರಸ್ತೆ ಬದಿಯ ತೋಟಗಳನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು.

ದಬ್ಬೇಘಟ್ಟದಲ್ಲಿ ಅಕ್ಕ ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದರು. "ಬಾಯಿ ಮುಕ್ಕಳ್ಸು ಬಾರೇ. ಎಷ್ಟು ಸಲ ಆಯ್ತು?"

"ಏನೂ ಆಗ್ಲಿಲ್ಲ ಕಣಕ್ಕ. ಹೊಟ್ಟೆ ಹಸೀತೈತೆ, ಏನ್ ಮಾಡಿದ್ದೀಯ?"

ಮಾವ ಮೋಟರಿನ ಮೇಲೆ ಬಗ್ಗಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಊಟಕ್ಕೆ ಮೂರು ಸಲ ಕೂಗಿದರೂ ತಲೆ ಎತ್ತಲಿಲ್ಲ.