ಸ್ವಂತ ಮನೆಯಿದ್ದವರಿಗೆ ಬಾಡಿಗೆಗೆ

ಮನೆಯ ಮೇಲೆ ಪ್ರೀತಿ ಇರುವುದು ಮಾಲೀಕರಿಗೆ ಮಾತ್ರ, ಬಾಡಿಗೆಗೆ ಇರುವವರಿಗೆ ಅದು ಇರುವುದಿಲ್ಲ, ಇರಲೂಬಾರದು ಎಂಬುದು ನಮ್ಮ ಕಟ್ಟಡದ ನಿವಾಸಿಗಳ ಸಂಘದ ಮಹಾಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾದ ಸಂಗತಿ. ಕಟ್ಟಡದಲ್ಲಿ ಆರು ಮನೆಗಳು. ಐದರಲ್ಲಿ ಮಾಲೀಕರೇ ಇದ್ದರು. ಒಂದರಲ್ಲಿ ಮಾತ್ರ ಟೈಲರ್ ಅಕ್ಕ ತನ್ನ ಮಗಳೊಂದಿಗೆ ಬಾಡಿಗೆಗೆ ಇದ್ದಳು. ಅವಳು ಮತ ಹಾಕಲಿಲ್ಲ. ಬಾಡಿಗೆದಾರರು ಸಭೆಯ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳಬಹುದು, ತಲೆಯಾಡಿಸುವಂತಿಲ್ಲ ಎಂಬ ನಿಯಮವಿತ್ತು.

ಆ ಸಂಘಕ್ಕೆ ನನ್ನ ಅಳಿಯನೇ ಕಾರ್ಯದರ್ಶಿ. ಹುಟ್ಟಿದೂರು ಬಿಟ್ಟು ಅಷ್ಟು ದೂರದಿಂದ ಬಂದು ಮಗಳ ಮನೆಯಲ್ಲಿರುವ ನನ್ನನ್ನು ಮಾಲೀಕರ ಸಾಲಿಗೆ ಸೇರಿಸಬೇಕೋ ಬಾಡಿಗೆದಾರರ ಸಾಲಿಗೋ ಎಂದು ಬಹಳ ಚರ್ಚಿಸಿ, ಕೊನೆಗೆ ಪೀಠೋಪಕರಣಗಳ ಸಾಲಿಗೆ ಸೇರಿಸಿದರು. ಹಾಗಾಗಿ ಎಲ್ಲ ಸಭೆಗಳಲ್ಲೂ ನಾನು ಇರುತ್ತೇನೆ. ಯಾರೂ ಎಬ್ಬಿಸುವುದಿಲ್ಲ.

ಮಾಲೀಕರ ಪ್ರೀತಿ ಬಗೆಬಗೆಯದು. ದಂತವೈದ್ಯರು ಪ್ರೀತಿ ಉಕ್ಕಿದಾಗಲೆಲ್ಲ ಗೋಡೆ ಕೊರೆಯುತ್ತಿದ್ದರು. ರಜೆಯ ದಿನ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕನ್ನಡಕದ ಅಂಗಡಿಯವರು ಇಡೀ ಕಟ್ಟಡವೇ ತಮ್ಮದೆಂಬ ಅಭಿಮಾನದಿಂದ ಮನೆಯ ಕಸವನ್ನು ಮೆಟ್ಟಿಲ ಮೇಲೆ ಇಡುತ್ತಿದ್ದರು. ಲೆಕ್ಕದ ಮೇಡಂ ಹಾಲಿಗೂ ಅಡುಗೆಮನೆಗೂ ನಡುವೆ ಇದ್ದ ಗೋಡೆ ತೆಗೆಸಿದ್ದರು. ಕಟ್ಟಡದ ಭಾರವನ್ನು ಹೊತ್ತಿದ್ದು ಅದೇ ಗೋಡೆ ಎಂದು ಆಮೇಲೆ ಗೊತ್ತಾಗಿ, ಆ ಜಾಗದಲ್ಲಿ ಒಂದು ಕಬ್ಬಿಣದ ಬೀರು ನಿಲ್ಲಿಸಿದರು. ಈಗ ಬೀರು ಹೊತ್ತುಕೊಂಡಿದೆ. ಮೇಲಿನ ಮಹಡಿಯ ಅಧ್ಯಕ್ಷರ ಬಚ್ಚಲು ಕೆಳಗಿನ ಟೈಲರ್ ಅಕ್ಕನ ಮನೆಗೆ ಸೋರುತ್ತಿತ್ತು. ಆ ಮನೆಯೂ ಅಧ್ಯಕ್ಷರದೇ ಆದ್ದರಿಂದ ದೂರು ಹೆಚ್ಚು ದೂರ ಹೋಗುತ್ತಿರಲಿಲ್ಲ.

"ಸಾರ್, ಮೇಲಿಂದ ನೀರು ತೊಟ್ಟಿಕ್ತಾ ಇದೆ."

"ಅದು ಸೋರಿಕೆ ಅಲ್ಲಮ್ಮ, ಕಟ್ಟಡದ ಬೆವರು. ಸೆಕೆ ನೋಡು ಹೇಗಿದೆ."

"ಸೋಪಿನ ವಾಸನೆ ಬರುತ್ತೆ ಸಾರ್."

"ಒಳ್ಳೇ ಕಟ್ಟಡ," ಎಂದರು ಅಧ್ಯಕ್ಷರು.

ಟೈಲರ್ ಅಕ್ಕ ಗೋಡೆಗೆ ಒಂದು ಮೊಳೆಯನ್ನೂ ಹೊಡೆದವಳಲ್ಲ. ಅವಳ ಗಡಿಯಾರ ಕುರ್ಚಿಯ ಮೇಲೆ ಕೂತಿತ್ತು; ಬಂದವರು ನಿಂತಿರುತ್ತಿದ್ದರು. ಗಿರಾಕಿಗಳು ಹತ್ತಿ ಬರುವ ದಾರಿ ಎಂದು ಬೆಳಗ್ಗೆ ಮೆಟ್ಟಿಲು ಗುಡಿಸುತ್ತಿದ್ದಳು. ಇದು ಬೇರೆಯವರ ಆಸ್ತಿಯಲ್ಲಿ ಅನಧಿಕೃತ ಹಸ್ತಕ್ಷೇಪ ಎಂದು ಸಂಘ ಅವಳಿಗೆ ಎರಡು ಸಲ ಎಚ್ಚರಿಕೆ ಕೊಟ್ಟಿತ್ತು.

ಹೀಗಿರುವಾಗ ನಗರಾಡಳಿತದವರು ಯೋಗ್ಯ ಕಟ್ಟಡಕ್ಕೆ 'ಮಾದರಿ ಕಟ್ಟಡ' ಎಂಬ ಹಿತ್ತಾಳೆ ಫಲಕ ಕೊಡುವುದಾಗಿ ಪ್ರಕಟಿಸಿದರು. ಎದುರುಗಡೆ ಕಟ್ಟಡದವರಿಗೆ ಹೋದ ವರ್ಷ ಅದು ಸಿಕ್ಕಿದ್ದರಿಂದ ಅಧ್ಯಕ್ಷರು ಆ ಕಡೆಯ ಕಿಟಕಿ ತೆಗೆಯುವುದನ್ನೇ ಬಿಟ್ಟಿದ್ದರು. ಪರೀಕ್ಷೆಗೆ ಒಬ್ಬರು ಅಧಿಕಾರಿ ಮೇಡಂ ಬಂದರು. ದಂತವೈದ್ಯರ ಗೋಡೆಯ ತೂತಿನಲ್ಲಿ ಬೆರಳಿಟ್ಟಾಗ ಪಕ್ಕದ ಮನೆಯಿಂದ "ಯಾರದು?" ಎಂದು ಕೇಳಿಸಿತು. ಲೆಕ್ಕದ ಮೇಡಂ ಮನೆಯಲ್ಲಿ ಬೀರುವಿಗೆ ಒರಗಲು ಹೋದಾಗ ನಾಲ್ಕು ಜನ ಒಟ್ಟಿಗೆ ಅವರ ಕೈ ಹಿಡಿದರು. ಟೈಲರ್ ಅಕ್ಕನ ಮನೆಯಲ್ಲಿ ಮಾತ್ರ ಅವರು, ಗಡಿಯಾರ ಎತ್ತಿ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು ನೀರು ಕುಡಿದರು.

"ಎಲ್ಲರೂ ಈ ಮನೆಯವರ ಥರ ಇದ್ದರೆ ಫಲಕ ನಿಮ್ಮದೇ. ಮುಂದಿನ ತಿಂಗಳು ಮತ್ತೆ ಬರ್ತೀನಿ," ಎಂದು ಹೋದರು.

ಅಂದೇ ತುರ್ತು ಸಭೆ ಸೇರಿತು.

"ಹಾಗಂತ ಆಯಮ್ಮ ಒಳ್ಳೆಯವಳು ಅಂತ ಅರ್ಥ ಅಲ್ಲ," ಎಂದರು ದಂತವೈದ್ಯರು. "ಬಾಡಿಗೆಗೆ ಇದ್ದಾಳೆ, ಅದಕ್ಕೆ ಸರಿಯಾಗಿದ್ದಾಳೆ. ನಾವೂ ಬಾಡಿಗೆಗೆ ಹೋದ್ರೆ ನಾವೂ ಸರಿಹೋಗ್ತೀವಿ."

"ಎಲ್ಲಿಗೆ ಹೋಗೋದು?" ಎಂದರು ಕನ್ನಡಕದ ಅಂಗಡಿಯವರು.

"ನಾನು ನಿಮ್ಮ ಮನೆಗೆ, ನೀವು ನಮ್ಮ ಮನೆಗೆ."

ಇದರಲ್ಲಿ ತಪ್ಪು ಯಾರಿಗೂ ಕಾಣಲಿಲ್ಲ. ನನ್ನ ಅಳಿಯ ನಿರ್ಣಯ ಓದಿದ: "ಮಾಲೀಕರು ಜೋಡಿಜೋಡಿಯಾಗಿ ಪರಸ್ಪರರ ಮನೆಗಳಲ್ಲಿ ಬಾಡಿಗೆಗೆ ವಾಸಿಸತಕ್ಕದ್ದು. ಸ್ವಂತ ಮನೆಯಲ್ಲಿ ವಾಸಿಸುವುದನ್ನು ಶಿಸ್ತುಭಂಗವೆಂದು ಪರಿಗಣಿಸಲಾಗುವುದು. ನನ್ನ ಗೋಡೆಗೆ ನೀವು ಮೊಳೆ ಹೊಡೆದರೆ ನಿಮ್ಮ ಗೋಡೆಗೆ ನಾನು ಹೊಡೆಯುವೆನೆಂಬ ಭಯವೇ ಸದ್ವರ್ತನೆಯ ಮೂಲವಾದ್ದರಿಂದ, ಸ್ವಂತ ಮನೆ ಇಲ್ಲದವರು ಬಾಡಿಗೆಗೆ ಇರಲು ಅನರ್ಹರು."

ಕೊನೆಯ ಸಾಲು ಓದಿ ಅಳಿಯ ತಲೆಯೆತ್ತಿದ. "ಹಾಗಾದ್ರೆ ಟೈಲರ್ ಅಕ್ಕ ಹೋಗಬೇಕಾಗುತ್ತಲ್ಲ?"

"ನಿಯಮ ಅಂದ್ರೆ ನಿಯಮ," ಎಂದರು ಅಧ್ಯಕ್ಷರು. "ಮೇಡಂ ಬರೋಷ್ಟರಲ್ಲಿ ಖಾಲಿ ಮಾಡ್ಲಿ."

ಬಾಗಿಲ ಹೊರಗೆ ಟೈಲರ್ ಅಕ್ಕ ಕೇಳಿಸಿಕೊಂಡಳು. ತಲೆಯಾಡಿಸಲಿಲ್ಲ. ಆಮೇಲೆ ನನ್ನ ರವಿಕೆಯ ಅಳತೆ ತೆಗೆಯುವಾಗ ಹೇಳಿದಳು: "ಅಜ್ಜಿ, ಮಿಷನ್ ಆದ್ರೆ ಎತ್ಕೊಂಡು ಹೋಗ್ಬಹುದು. ಗಿರಾಕಿಗಳನ್ನ ಹೇಗೆ ಎತ್ಕೊಂಡು ಹೋಗ್ಲಿ? ಮಗಳ ಸ್ಕೂಲು ಬೇರೆ ಇಲ್ಲೇ ಪಕ್ಕದಲ್ಲಿ. ಈ ಬೀದಿ ಬಿಟ್ರೆ ನನ್ನ ಕತೆ ಮುಗೀತು."

ಮನೆ ಬದಲಾವಣೆ ನಡೆಯಿತು. ದಂತವೈದ್ಯರೂ ಕನ್ನಡಕದ ಅಂಗಡಿಯವರೂ ಅದಲುಬದಲಾದರು. ನಾವು ಲೆಕ್ಕದ ಮೇಡಂ ಮನೆಗೆ, ಅವರು ನಮ್ಮ ಮನೆಗೆ. ಮಂಚದ ಜೊತೆ ನನ್ನನ್ನೂ ಸಾಗಿಸಿದರು. ಐದು ಜನ ಮಾಲೀಕರಲ್ಲಿ ಎರಡು ಜೋಡಿಯಾಗಿ ಅಧ್ಯಕ್ಷರು ಒಂಟಿಯಾಗಿ ಉಳಿದರು. "ನಾನು ಈ ಪದವಿಯಲ್ಲೇ ಬಾಡಿಗೆಗೆ ಇದ್ದ ಹಾಗೆ," ಎಂದು ಹೇಳಿ ಮೇಲೆ ತಮ್ಮ ಮನೆಯಲ್ಲೇ ಇದ್ದುಕೊಂಡರು.

ತೊಂದರೆ ಆಮೇಲೆ ಗೊತ್ತಾಯಿತು. ಬಾಡಿಗೆಗೆ ಇರುವುದು ಹೇಗೆಂದು ಯಾರಿಗೂ ಬರುತ್ತಿರಲಿಲ್ಲ. ದಂತವೈದ್ಯರ ಮನೆಯವರು ಗೋಡೆ ಮುಟ್ಟುವ ಭಯಕ್ಕೆ ಹಾಲಿನ ನಟ್ಟನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಸಂಜೆಯಾದರೆ ಪ್ರತಿಯೊಬ್ಬರೂ ತಮ್ಮ ಸ್ವಂತ ಮನೆಯ ತಪಾಸಣೆಗೆ ಹೊರಡುವರು. ಮೆಟ್ಟಿಲ ಮೇಲೆ ಎದುರಾಗಿ, "ನಿಮ್ಮಲ್ಲಿಗೇ ಬರ್ತಿದ್ದೆ", "ನಾನೂ ನಿಮ್ಮಲ್ಲಿಗೇ" ಎಂದು ನಕ್ಕು, ಒಬ್ಬರ ಬಾಗಿಲನ್ನು ಒಬ್ಬರು ತಟ್ಟಿ, ಒಳಗೆ ಯಾರೂ ಇಲ್ಲವೆಂದು ಸಿಟ್ಟಾಗಿ ಹಿಂತಿರುಗುವರು.

ಕೊನೆಗೆ ಎಲ್ಲರೂ ಪಾಠಕ್ಕಾಗಿ ಟೈಲರ್ ಅಕ್ಕನ ಮನೆಗೆ ಬರತೊಡಗಿದರು. ಅವಳು ಹೊಲಿಯುತ್ತಲೇ ಹೇಳಿಕೊಡುತ್ತಿದ್ದಳು.

"ಬಾಗಿಲು ಹಾಕುವಾಗ ಉಸಿರು ಬಿಗಿಹಿಡೀಬೇಕು ಸಾರ್. ಆಗ ಸದ್ದಾಗಲ್ಲ."

"ಓನರ್ ಬಂದಾಗ ಏನನ್ನಬೇಕು?" ಎಂದು ದಂತವೈದ್ಯರು ಕೇಳಿದರು.

"ಏನೂ ತೊಂದ್ರೆ ಇಲ್ಲ ಸಾರ್, ಅಡ್ಜಸ್ಟ್ ಮಾಡ್ಕೋತೀವಿ, ಅನ್ನಬೇಕು."

ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಕನ್ನಡಕದ ಅಂಗಡಿಯವರದು ಜಗಳಕ್ಕೆ ಕರೆದ ಹಾಗಿತ್ತು. "ಕಣ್ಣು ಕೆಳಗಿರಲಿ ಸಾರ್, ಇನ್ನೊಂದ್ಸಲ ಹೇಳಿ," ಎಂದಳು.

"ನಿಜವಾಗ್ಲೂ ತೊಂದ್ರೆ ಇದ್ರೆ?" ಎಂದು ದಂತವೈದ್ಯರು ಮತ್ತೆ ಕೇಳಿದರು.

"ಅದನ್ನ ರಾತ್ರಿ ಹೆಂಡ್ತಿ ಹತ್ರ ಹೇಳ್ಕೋಬೇಕು."

ಅವಳು ಖಾಲಿ ಮಾಡುವ ದಿನ ಹತ್ತಿರವಾದಾಗ ಎಲ್ಲರಿಗೂ ದಿಗಿಲಾಯಿತು. ಪಾಠ ಇನ್ನೂ ಅರ್ಧದಲ್ಲಿತ್ತು. ಲೆಕ್ಕದ ಮೇಡಂ ಸಭೆಯಲ್ಲಿ ಎದ್ದು ನಿಂತರು.

"ಐದು ಬೆಸಸಂಖ್ಯೆ. ಒಬ್ಬರು ಸ್ವಂತ ಮನೇಲಿ ಉಳಿದುಬಿಟ್ಟಿದ್ದಾರೆ. ಅಧಿಕಾರಿ ಮೇಡಂ ಕಣ್ಣಿಗೆ ಮೊದಲು ಬೀಳೋದೇ ಅದು. ನಮಗೆ ಆರನೇ ಓನರ್ ಬೇಕು."

ಗೇಟಿನ ಪಕ್ಕದಲ್ಲಿ ವಾಚ್‌ಮನ್ ಗೂಡೊಂದಿತ್ತು. ಯಾರ ಮಾತು ಕೇಳಬೇಕೆಂದು ಇತ್ಯರ್ಥವಾಗದೆ ವಾಚ್‌ಮನ್ ಬಿಟ್ಟುಹೋಗಿ ಬಹಳ ದಿನವಾಗಿತ್ತು. ಅದನ್ನು ಟೈಲರ್ ಅಕ್ಕನ ಹೆಸರಿಗೆ ಮಾಡುವುದೆಂದು ಗೊತ್ತುಪಡಿಸಿದರು. ಹಾಗೆ ಅವಳು ಮಾಲೀಕಳಾದಳು, ಅಧ್ಯಕ್ಷರ ಮನೆಯಲ್ಲಿ ಬಾಡಿಗೆಗೆ ಇರಲು ಅರ್ಹಳೂ ಆದಳು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ಅಧ್ಯಕ್ಷರೇ, ಯಾವಾಗ ಸಾಮಾನು ಸಾಗಿಸ್ತೀರಿ?" ಎಂದ ನನ್ನ ಅಳಿಯ.

"ಎಲ್ಲಿಗೆ?"

"ಅವರು ನಿಮ್ಮ ಮನೇಲಿದ್ದಾರೆ. ನೀವು ಅವರ ಮನೇಲಿ ಇರಬೇಕಲ್ಲ."

"ಅದು ಗೂಡು ಕಣಯ್ಯ."

"ನಿಯಮ ಅಂದ್ರೆ ನಿಯಮ," ಎಂದರು ಎಲ್ಲರೂ.

ಅಧ್ಯಕ್ಷರು ಬಾಡಿಗೆದಾರರ ಪರವಾಗಿ ಉಗ್ರವಾಗಿ ಪ್ರತಿಭಟಿಸಿ, ಅಧ್ಯಕ್ಷರ ಪರವಾಗಿ ಆ ಪ್ರತಿಭಟನೆಯನ್ನು ತಿರಸ್ಕರಿಸಿ, ಹೆಂಡತಿಯೊಂದಿಗೆ ಗೂಡಿಗೆ ಇಳಿದರು. ಮೇಲಿನ ಮನೆಗೆ ಬೀಗ ಬಿದ್ದದ್ದೇ ಟೈಲರ್ ಅಕ್ಕನ ಬಚ್ಚಲ ಸೂರು ಒಣಗಿತು. ಸಂಘ ಇದನ್ನು ತನ್ನ ಸಾಧನೆಗಳಲ್ಲಿ ಬರೆದುಕೊಂಡಿತು.

ಮರುವಾರ ಟೈಲರ್ ಅಕ್ಕ ತನ್ನ ಮನೆ ನೋಡಲು ಗೇಟಿಗೆ ಬಂದಳು. ಅಧ್ಯಕ್ಷರು ಎದ್ದು ನಿಂತರು.

"ಮೇಡಂ, ಮೂಲೆಯಿಂದ ಗಾಳಿ ಬರ್ತಾ ಇದೆ."

"ಗಾಳಿ ಅಲ್ಲ ಸಾರ್, ಗೂಡಿನ ಉಸಿರು."

ಅಧ್ಯಕ್ಷರು ಕಣ್ಣು ಕೆಳಗೆ ಮಾಡಿದರು. "ಏನೂ ತೊಂದ್ರೆ ಇಲ್ಲ ಮೇಡಂ, ಅಡ್ಜಸ್ಟ್ ಮಾಡ್ಕೋತೀವಿ."

ಇಡೀ ಕಟ್ಟಡದಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಅಧಿಕಾರಿ ಮೇಡಂ ಬಂದ ದಿನ ಗೇಟು ತೆಗೆದವರು ಅಧ್ಯಕ್ಷರೇ. ಕಟ್ಟಡಕ್ಕೆ ಇಷ್ಟು ಗಂಭೀರ ವಾಚ್‌ಮನ್ ಸಿಕ್ಕಿದ್ದಾನೆಂದು ಮೇಡಂ ಪೂರ್ತಿ ಅಂಕ ಕೊಟ್ಟರು. ಫಲಕ ಬಂತು, ಗೇಟಿಗೆ ಬಿಗಿದೂ ಆಯಿತು. ಅಂದೇ ಸಂಜೆ ಅಧ್ಯಕ್ಷರು ಹಾಸಿಗೆ ಸುತ್ತಿದರು.

"ಕೆಲಸ ಮುಗೀತಲ್ಲ, ನಾವಿನ್ನು ಮೇಲಕ್ಕೆ ಹೋಗ್ತೀವಿ."

ಸುದ್ದಿ ಕೇಳಿ ಟೈಲರ್ ಅಕ್ಕ ಕತ್ತರಿ ಹಿಡಿದೇ ಗೇಟಿಗೆ ಇಳಿದು ಬಂದಳು. ಗೂಡಿನಲ್ಲಿ ಬಾಡಿಗೆದಾರರಿಲ್ಲದಿದ್ದರೆ ಜೋಡಿ ಮುರಿಯುತ್ತದೆ, ಅವಳ ಅರ್ಹತೆಯೂ ಹೋಗುತ್ತದೆ. ಮತ್ತೆ ಮಿಷನ್ನು, ಮಗಳು, ಬೀದಿ.

"ನೀವು ಹೋಗಿ ಬೇಕಾದ್ರೆ," ಎಂದರು ಅಧ್ಯಕ್ಷರ ಹೆಂಡತಿ, ಕೂತಲ್ಲಿಂದ ಏಳದೆ. "ನಾನು ಬರಲ್ಲ ರೀ. ಮೇಲೆ ನಾಲ್ಕು ರೂಮು, ನಾಲ್ಕರಲ್ಲೂ ನಿಮ್ಮ ಮುಖ. ಇಲ್ಲಿ ಬೆಳಗಿಂದ ಎಷ್ಟು ಜನ ನಿಂತು ಮಾತಾಡಿಸಿ ಹೋಗ್ತಾರೆ."

"ಮತ್ತೆ ನನ್ನ ಊಟ?"

"ಅಡುಗೆ ಇಲ್ಲಿ ಮಾಡ್ತೀನಿ."

ಅಧ್ಯಕ್ಷರು ಹಾಸಿಗೆಯನ್ನು ಮತ್ತೆ ಬಿಚ್ಚಿದರು. ಟೈಲರ್ ಅಕ್ಕ ತನ್ನ ಮನೆಗೆ ಹತ್ತಿ ಹೋಗಿ, ಅರ್ಧಕ್ಕೆ ನಿಲ್ಲಿಸಿದ್ದ ಬಟ್ಟೆಯನ್ನು ಕತ್ತರಿಸಿದಳು. ಮಿಷನ್ನಿನ ಸದ್ದು ಗೇಟಿನವರೆಗೂ ಕೇಳುತ್ತಿತ್ತು.

ಈಗ ಅಧ್ಯಕ್ಷರ ಮೇಲಿನ ಮನೆ ಬಾಡಿಗೆಗಿದೆ ಎಂದು ಬೋರ್ಡು ಹಾಕಿದ್ದಾರೆ. ಮೊನ್ನೆ ನಾನು ಗೂಡಿನ ಮುಂದೆ ಕೂತಿದ್ದಾಗ ಹೊಸದಾಗಿ ಮದುವೆಯಾದ ಗಂಡಹೆಂಡತಿ ವಿಚಾರಿಸಿಕೊಂಡು ಬಂದರು.

"ಓನರ್ ಹೇಗೆ ಸಾರ್?" ಎಂದು ಹುಡುಗ ಕೇಳಿದ.

ಅಧ್ಯಕ್ಷರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮನುಷ್ಯ ಸ್ವಲ್ಪ ಜೋರು. ಬಚ್ಚಲನ್ನ ಮೊದಲೇ ಸರಿಯಾಗಿ ನೋಡ್ಕೊಂಡುಬಿಡಿ. ಅಂದ ಹಾಗೆ, ನಿಮಗೆ ಸ್ವಂತ ಮನೆ ಇದೆಯಾ?"

"ಇಲ್ಲ ಸಾರ್."

"ಇಲ್ಲದವರಿಗೆ ಬಾಡಿಗೆಗೆ ಕೊಡಲ್ಲಪ್ಪ."

ಹುಡುಗಿ ಗಂಡನನ್ನು ಮೊಣಕೈಯಿಂದ ತಿವಿದಳು. "ನಾನು ಹೇಳ್ಲಿಲ್ವಾ? ಈಗ ಎಲ್ಲಾ ಕಡೆ ಹಾಗೇ ಅಂತೆ."

"ಸರಿ ಸಾರ್," ಎಂದ ಹುಡುಗ. "ಮೊದಲು ಎಲ್ಲಾದ್ರೂ ಒಂದು ಮನೆ ತಗೊಂಡು ಬರ್ತೀವಿ. ಅಲ್ಲೀವರೆಗೆ ಇದನ್ನ ಬೇರೆ ಯಾರಿಗೂ ಕೊಡಬೇಡಿ."

ಓನರ್ ಹತ್ತಿರ ಒಂದು ಮಾತು ಹೇಳಿ ನೋಡುವುದಾಗಿ ಅಧ್ಯಕ್ಷರು ಒಪ್ಪಿಕೊಂಡರು.