ಇದ್ವಾಲನ ಕೆಂಪು ಸಂತ

ಇದ್ವಾಲ್ ಪ್ರೊಸರನ ಬಲ ಮೊಣಕಾಲಿಗೆ ನಮ್ಮ ಚರ್ಚಿನ ಉತ್ತರದ ಗೋಡೆಯೇ ಶತ್ರು. ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ಸೈತಾನ ಹೊರಗೆ ಹೋಗಲೆಂದು ಹಿಂದಿನವರು ಅಲ್ಲೊಂದು ಬಾಗಿಲು ಇಟ್ಟಿದ್ದರು. ಆಮೇಲಿನವರು ಅದನ್ನು ಕಲ್ಲಿಟ್ಟು ಮುಚ್ಚಿದರು. ಸೈತಾನ ಹೋದನೋ ಇಲ್ಲವೋ, ಥಂಡಿ ಮಾತ್ರ ಆ ಕಲ್ಲುಗಳ ಸಂದಿಯಿಂದ ನುಸುಳಿ, ಕರೆದ ನೆಂಟನ ಹಾಗೆ ಪ್ರೊಸರ್ ಮನೆತನದ ಬೆಂಚಿನಲ್ಲೇ ಕೂರುತ್ತಿತ್ತು. ಇನ್ನೊಬ್ಬರ ಬೆಂಚಿಗೆ ಹೋಗೋಣವೆಂದರೆ, ಇನ್ನೊಬ್ಬರ ಹಾಸಿಗೆಯಲ್ಲಿ ಮಲಗಿದರೂ ಕ್ಷಮಿಸುವ ಊರು ಇದನ್ನು ಕ್ಷಮಿಸದು.

ಗೋಡೆಗೆ ಗಾರೆ ಮೆತ್ತಲು ಬಿಷಪ್ಪರ ಕಚೇರಿಯ ಅಪ್ಪಣೆ ಬರಲು ಒಂಬತ್ತು ವರ್ಷ ಹಿಡಿಯಿತು. ಬಂತು. ಗುರುವಾರ ಬೆಳಿಗ್ಗೆ ಗಾರೆ ಕೆಲಸದ ಟೆಗಿಡ್ ಹಳೇ ಸುಣ್ಣವನ್ನು ಒಮ್ಮೆ ಕೆರೆದನಷ್ಟೆ, ಅಂಗೈಯಗಲದ ಚಕ್ಕೆ ಬಿತ್ತು. ಒಳಗಿನಿಂದ ಒಂದು ಕೆಂಪು ಕಣ್ಣು, ಬೆಂಚಿನಲ್ಲಿ ಕೂತು ಕೆಲಸ ನೋಡುತ್ತಿದ್ದ ಇದ್ವಾಲನನ್ನೇ ದಿಟ್ಟಿಸಿತು.

ಹೂ ಜೋಡಿಸುತ್ತಿದ್ದ ಕೈನ್ವೆನ್ ಕೂಡಲೇ ಅಂಚೆ ಕಚೇರಿಗೆ ಓಡಿದಳು. ಅರ್ಧ ಗಂಟೆಯಲ್ಲಿ ಊರೇ ಒಳಗಿತ್ತು. ಎದುರಿನ ಬೇರೆ ಪಂಥದ ಚಾಪೆಲ್ಲಿಗೆ ಹೋಗುವವನು, ನಲವತ್ತು ವರ್ಷದಿಂದ ಇತ್ತ ಕಾಲಿಡದ ಹಿವೆಲ್ ಕೂಡ ಬಂದು, ನಿಮ್ಮಲ್ಲಿ ವಿಗ್ರಹಪೂಜೆ ಇದೆಯೆಂದು ನನಗೆ ಮೊದಲೇ ಅನುಮಾನವಿತ್ತು ಎಂದ. ತಲೆಗೊಂದೊಂದು ಚಕ್ಕೆ ಕಿತ್ತರು. ಮೂಗು ಬಂತು, ಗಡ್ಡ ಬಂತು. ಸಂತ ಎಂದರು ಕೆಲವರು, ರಾಜ ಎಂದರು ಕೆಲವರು. ಪಾದ್ರಿ ಹಳೇ ಗೋಡೆಚಿತ್ರ ಬಲ್ಲ ಪಟ್ಟಣದ ಪರಿಣತೆಗೆ ಫೋನು ಮಾಡಿ, ಕೆಲಸ ನಿಲ್ಲಿಸಿಬಿಟ್ಟರು. ಬಕೆಟ್ಟಿನಲ್ಲಿ ಗಾರೆ ಗಟ್ಟಿಯಾಗುತ್ತಿತ್ತು, ಇದ್ವಾಲನ ಹೊಟ್ಟೆ ಉರಿಯುತ್ತಿತ್ತು.

ಮಧ್ಯಾಹ್ನ ಬಂದ ಆ ಪರಿಣತೆ ಮೆರೆರಿಡ್ ಗೋಡೆಗೆ ಒದ್ದೆ ಹತ್ತಿ ಒತ್ತಿ ನೋಡಿ ನಕ್ಕಳು.

"ಇದು ಹಳೇದಲ್ಲ. ಕುರಿಗೆ ಗುರುತು ಹಾಕೋ ಕೆಮ್ಮಣ್ಣು. ಯಾವನೋ ಹುಡುಗ ಗೀಚಿದ್ದಾನೆ. ಗಾರೆ ಮೆತ್ತಿ."

ಇದ್ವಾಲನಿಗೆ ಹೋದ ಜೀವ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹಿವೆಲ್ ಬಿಡಬೇಕಲ್ಲ.

"ಕತ್ತೆ ಮೂತಿ ಸಂತ. ಗೀಚಿದೋನಿಗೆ ಕೈ ಇತ್ತೋ, ಗೊರಸಿತ್ತೋ?"

"ನಾನೇ ಕಣೋ ಗೀಚಿದ್ದು," ಇದ್ವಾಲ್ ಎದ್ದು ನಿಂತ. "ಒಂಬತ್ತು ವರ್ಷದೋನಿದ್ದೆ, ಪ್ರವಚನ ಮುಗೀತಾನೇ ಇರ್ಲಿಲ್ಲ. ಕತ್ತೆ ಮೂತಿ ನಂದಲ್ಲ. ಗೋಡೇಲಿ ಮಾಸಿದ ಗೆರೆ ಮೊದ್ಲೇ ಇತ್ತು, ಅದರ ಮೇಲೇ ತಿದ್ದಿದ್ದು. ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ."

ಚೀಲ ಹೆಗಲಿಗೇರಿಸಿದ್ದ ಮೆರೆರಿಡ್ ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವ ಗೆರೆ, ಯಜಮಾನ್ರೇ?"

ಸಂಜೆಯ ಟೀ ಹೊತ್ತಿಗೆ ಗೋಡೆಯ ಸುತ್ತ ಹಗ್ಗ ಕಟ್ಟಿತ್ತು. ಕೆಮ್ಮಣ್ಣಿನ ಅಡಿಯಲ್ಲಿದ್ದದ್ದು ಐನೂರು ವರ್ಷದ ಸಂತನೇ. ಇನ್ನು ಗಾರೆಯ ಮಾತೇ ಎತ್ತುವಂತಿಲ್ಲ ಎಂದು ಮೆರೆರಿಡ್ ತಿಳಿಹೇಳಿದಳು.

"ನನ್ನ ಮೊಣಕಾಲು ಎಷ್ಟು ಹಳೇದಾದ್ರೆ ನಿಮ್ಮ ಲೆಕ್ಕಕ್ಕೆ ಬರುತ್ತಮ್ಮಾ?" ಎಂದು ಇದ್ವಾಲ್ ಕೇಳಿದ.

ಅವಳು ಪಾಪ, ನಿಜಕ್ಕೂ ಮರುಗಿದಳು. ಆಮೇಲೆ, ಬಣ್ಣಕ್ಕೆ ಬಿಸಿ ತಾಗಬಾರದೆಂದು, ಅವನ ಬೆಂಚಿನ ಪಕ್ಕದ ಹೀಟರನ್ನೂ ತೆಗೆಸಿದಳು.